ಶಾಲೆಯ ಒಲೆಯ ಶಿವಮ್ಮ ಬೇಡ, ಮೆಸ್ಸಿನ ಪುಟ್ಟಕ್ಕ ಬೇಕು: ನಮ್ಮ ಅವ್ವ ಹೀಗೇಕೆ?

ತುಂಗಭದ್ರೆ, ಕೊಪ್ಪಳ

ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ನಮ್ಮ ಮನೆಯ ಒಂದು ಜಗಳವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆಸ್ತಿಯ ಜಗಳವಲ್ಲ, ಸಿನಿಮಾದ್ದು.

‘ಶಿವಮ್ಮ ಯರೇಹಂಚಿನಾಳ’ 2024ರ ಜೂನ್‌ನಲ್ಲಿ ಚಿತ್ರಮಂದಿರಗಳಿಗೆ ಬಂದಾಗ ನನಗೆ ಹೋಗಲಾಗಿರಲಿಲ್ಲ. ಯರೇಹಂಚಿನಾಳ ನಮ್ಮ ಜಿಲ್ಲೆಯದೇ ಊರು. ಪಾತ್ರ ಮಾಡಿದವರಲ್ಲಿ ಹೆಚ್ಚಿನವರು ಊರಿನವರೇ; ಶಿವಮ್ಮನಾಗಿರುವ ಶರಣಮ್ಮ ಚೆಟ್ಟಿ ಎಂಬ ಹೆಣ್ಣುಮಗಳು ಕ್ಯಾಮೆರಾ ಮುಂದೆ ನಿಂತಿದ್ದಾಳೆ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಜೈಶಂಕರ್ ಆರ್ಯರ್ ಅವರ ಮೊದಲ ಚಿತ್ರ. 2022ರಲ್ಲೇ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂದಿತ್ತು. ಕೊರಿಯಾದವರು ನೋಡಿ ಎರಡು ವರ್ಷವಾದ ಮೇಲೆ ಕೊಪ್ಪಳದವರ ಸರದಿ ಬಂತು, ಇರಲಿ.

ಈಗ ಜಗಳಕ್ಕೆ ಬರುತ್ತೇನೆ. ನಮ್ಮ ಅವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ಅವ್ವ ಸೇರಿದ್ದು ಅದರ ಮರುವರ್ಷ. ಚಿತ್ರದ ಶಿವಮ್ಮನೂ ಬಿಸಿಯೂಟದವಳು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಆ ಮದುವೆಗೆಂದು ಕೂಡಿಟ್ಟ ದುಡ್ಡನ್ನು ಅವಳು ಚೈನ್ ಮಾರ್ಕೆಟಿಂಗ್ ವ್ಯವಹಾರಕ್ಕೆ ಹಾಕುತ್ತಾಳೆ. ತೆರೆಯ ಮೇಲೆ ತನ್ನಂಥವಳನ್ನೇ ಕಂಡು ಅವ್ವ ಹಿಗ್ಗುತ್ತಾಳೆ ಎಂದುಕೊಂಡು ಕಳೆದ ಭಾನುವಾರ ತಮ್ಮನಿಗೆ ಹೇಳಿ ಟಿವಿಗೆ ಹಾಕಿಸಿದೆ. ಶಿವಮ್ಮನ ನಡಿಗೆ ನೋಡಿಯೇ ಅವ್ವ, ‘ಇವಳು ನಾಟಕದವಳಲ್ಲ, ಊರಿನವಳು’ ಎಂದಳು. ಅಷ್ಟೇ ಹೊಗಳಿಕೆ. ಇನ್ನೊಂದು ಅರ್ಧ ಗಂಟೆಗೆ ಎದ್ದುಬಿಟ್ಟಳು. ‘ಇದರಲ್ಲಿ ನೋಡುವುದಕ್ಕೆ ಏನಿದೆ? ಒಲೆ ಊದುವುದನ್ನು ನೋಡುವುದಕ್ಕೆ ನಾನು ಟಿವಿ ಹಚ್ಚಬೇಕೇ?’

ಒಳಗೆ ಹೋಗಿ ಮೊಬೈಲ್‌ನಲ್ಲಿ ಏನು ಹಚ್ಚಿದಳು ಗೊತ್ತೇ? ‘ಪುಟ್ಟಕ್ಕನ ಮಕ್ಕಳು’, ಹಳೆಯ ಕಂತು. ಪುಟ್ಟಕ್ಕನೂ ಅಡುಗೆಯವಳೇ ತಾನೇ! ಗಂಡ ಬಿಟ್ಟವಳು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದವಳು. ಅಲ್ಲಿಯ ಒಲೆ ಆಗುತ್ತದೆ, ಇಲ್ಲಿಯ ಒಲೆ ಆಗುವುದಿಲ್ಲ. ನಾನು ಸಿಟ್ಟಿನಲ್ಲಿ ಎರಡು ಮಾತು ಆಡಿದೆ, ಅವ್ವ ನಾಲ್ಕು ಆಡಿದಳು. ಎರಡು ದಿನ ಮಾತಿಲ್ಲ.

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಹತ್ತು ವರ್ಷದಲ್ಲಿ ನಾನು ನೋಡಿದ ಕನ್ನಡ ಚಿತ್ರಗಳಲ್ಲಿ ಶಿವಮ್ಮನಿಗೇ ಮೊದಲ ಮಣೆ. ಅವಳನ್ನು ಪಾಪದವಳನ್ನಾಗಿ ತೋರಿಸಿಲ್ಲ. ಹಟಮಾರಿ, ಆಸೆಯವಳು, ಸುಳ್ಳನ್ನೂ ಹೇಳುವವಳು. ಬಡವರಿಗೂ ದುರಾಸೆ ಇರಬಹುದು ಎಂದು ಒಪ್ಪಿಕೊಳ್ಳುವ ಚಿತ್ರ ನಮ್ಮಲ್ಲಿ ಎಷ್ಟಿವೆ? ನಿಮಗೇನನ್ನಿಸುತ್ತದೆ?

ಬಳ್ಳಾರಿ ಬಿಸಿಲು, ಬಳ್ಳಾರಿ

ಅಕ್ಕಾ, ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಅವ್ವ ಹೇಳಿದ್ದೇ ಸರಿ. ಇಂಥ ಚಿತ್ರಗಳನ್ನು ತೆಗೆಯುವುದು ನಮಗಾಗಿ ಅಲ್ಲ. ಎಲ್ಲೋ ತಣ್ಣನೆಯ ಸಭಾಂಗಣದಲ್ಲಿ ಕುಳಿತವರು ನಮ್ಮ ಧೂಳು, ನಮ್ಮ ಒಲೆ, ನಮ್ಮ ಹರಿದ ಸೀರೆ ನೋಡಿ ನಿಟ್ಟುಸಿರು ಬಿಡುವುದಕ್ಕೆ. ನಾನು ದಿನವಿಡೀ ಅದಿರು ಲಾರಿಗಳ ಲೆಕ್ಕ ಬರೆಯುವವನು. ಕೆಂಪು ಧೂಳನ್ನು ದುಡ್ಡು ಕೊಟ್ಟು ನೋಡಬೇಕಾಗಿಲ್ಲ, ಸಂಜೆ ಮೂಗು ಸೀಟಿದರೆ ಸಾಕು.

2018ರಲ್ಲಿ ‘ಕೆಜಿಎಫ್’ ಬಂದಾಗ ನಾಲ್ಕು ಸಲ ನೋಡಿದೆ. ಕೋಲಾರದ ಗಣಿಗೆ ಅಂಥ ಕಥೆ ಸಿಕ್ಕಿತು. ನಮ್ಮ ಸಂಡೂರು ಗುಡ್ಡಗಳಿಗೆ ಸಿಕ್ಕಿದ್ದೇನು? ಯಾವುದೇ ಭಾಷೆಯ ಚಿತ್ರದಲ್ಲಿ ಬಳ್ಳಾರಿ ಎಂಬ ಹೆಸರು ಕೇಳಿಬಂದರೆ ಹತ್ತು ಸುಮೋ ಗಾಡಿ, ಬಿಳಿ ಬಟ್ಟೆಯ ಒಬ್ಬ ಖಳ. ಊರಿನಲ್ಲಿ ಮೂರು ಹೊತ್ತು ಮಿರ್ಚಿ, ಒಗ್ಗರಣೆ ತಿಂದುಕೊಂಡು ಸುಮ್ಮನೆ ಬದುಕುವ ಲಕ್ಷಾಂತರ ಜನರಿದ್ದೇವೆ ಎಂಬುದು ಯಾರಿಗೂ ಬೇಕಾಗಿಲ್ಲ.

ತುಂಗಭದ್ರೆ, ಕೊಪ್ಪಳ

ತಮ್ಮಾ, ಒಂದು ಕಡೆ ನಮ್ಮ ಧೂಳು ತೋರಿಸಬೇಡಿ ಎನ್ನುತ್ತೀ, ಇನ್ನೊಂದು ಕಡೆ ಸುಮ್ಮನೆ ಬದುಕುವವರನ್ನು ಯಾರೂ ತೋರಿಸುವುದಿಲ್ಲ ಎನ್ನುತ್ತೀ. ಸುಮ್ಮನೆ ಬದುಕುವವರನ್ನು ತೋರಿಸಿದ ಚಿತ್ರದ ಬಗ್ಗೆಯೇ ನಾನು ಬರೆದದ್ದು.

ಬಳ್ಳಾರಿ ಬಿಸಿಲು, ಬಳ್ಳಾರಿ

ತೋರಿಸಲಿ ಅಕ್ಕಾ. ನಿದ್ದೆ ಬರದಂತೆ ತೋರಿಸಲಿ.

ರಾತ್ರಿ ಎಂಟೂವರೆ, ರಾಯಚೂರು

ಧಾರಾವಾಹಿಯನ್ನು ಬೈಯುವುದಕ್ಕೆ ಶುರುಮಾಡುವ ಮೊದಲು ನಾನು ಒಂದು ಮಾತು ಹೇಳಿಬಿಡುತ್ತೇನೆ. ನೀವು ಸಿನಿಮಾವನ್ನು ಕಣ್ಣಿನಿಂದ ನೋಡುತ್ತೀರಿ. ನಾವು ಧಾರಾವಾಹಿಯನ್ನು ಕಿವಿಯಿಂದ ನೋಡುತ್ತೇವೆ. ನಮ್ಮ ಮನೆಯಲ್ಲಿ ಟಿವಿ ಇರುವುದು ಪಡಸಾಲೆಯಲ್ಲಿ, ನಾನು ಇರುವುದು ಒಳಗೆ. ರೊಟ್ಟಿ ಬಡಿಯುವಾಗ ಒಂದು ಕಿವಿ ಅಲ್ಲಿಟ್ಟಿರುತ್ತೇನೆ. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗ್ಗುಲು ಬದಲಿಸುವಷ್ಟರಲ್ಲಿ ಬಾಗಿಲಿಗೆ ಬಂದು ಒಮ್ಮೆ ಇಣುಕಿದರೆ ಯಾರು ಅಳುತ್ತಿದ್ದಾರೆ, ಯಾರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಎಲ್ಲ ತಿಳಿಯುತ್ತದೆ. ಅರ್ಧ ಗಂಟೆಯ ಕಂತು, ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷ. ಒಂದೇ ಸುದ್ದಿಯನ್ನು ಮೂವರ ಬಾಯಲ್ಲಿ ಮೂರು ಸಲ ಹೇಳಿಸುತ್ತಾರೆ, ಒಂದೇ ಮುಖವನ್ನು ಮೂರು ಸಲ ಢಂ ಢಂ ಎಂದು ತೋರಿಸುತ್ತಾರೆ ಎಂದು ನೀವು ನಗುತ್ತೀರಿ. ಅದು ನಮಗಾಗಿಯೇ ಮಾಡಿದ್ದು. ಮೂರರಲ್ಲಿ ಒಂದನ್ನಾದರೂ ಕೇಳಿಸಿಕೊಳ್ಳಲಿ ಎಂದು.

ಶಿವಮ್ಮನನ್ನು ನಾನೂ ನೋಡಿದೆ, ಪೂರ್ತಿ ನೋಡಿದೆ. ಚೆನ್ನಾಗಿದೆ. ಆದರೆ ಅದು ಕುಳಿತು ನೋಡಬೇಕಾದ ಚಿತ್ರ. ಮಧ್ಯೆ ಎದ್ದುಹೋಗಿ ಅನ್ನ ಬಸಿದು ಬಂದರೆ ಕಥೆ ಕೈಬಿಟ್ಟಿರುತ್ತದೆ. ಭಾನುವಾರವಾದರೂ ಬಿಸಿಯೂಟದವಳು ಕುಳಿತುಕೊಳ್ಳಲಿ ಎಂದು ನೀವು ಆಸೆಪಟ್ಟದ್ದು ಸರಿ ಅಕ್ಕಾವ್ರೇ, ಅಂದು ಮನೆಯಲ್ಲಿ ಅಡುಗೆ ಯಾರು ಮಾಡಿದರು?

ತುಂಗಭದ್ರೆ, ಕೊಪ್ಪಳ

ಅವ್ವನೇ ಮಾಡಿದಳು. ಸರಿಯಾಗಿ ಹಿಡಿದಿರಿ.

ಮಾನ್ವಿ ಮಾಸ್ತರ್, ಮಾನ್ವಿ

ಎಲ್ಲರಿಗೂ ನಮಸ್ಕಾರ. ತಂಗೀ, ನಿನ್ನ ಮನೆಯ ಜಗಳ ಹೊಸದಲ್ಲ. ಪುಟ್ಟಕ್ಕನಾಗಿ ನಿನ್ನ ತಾಯಿಯನ್ನು ಸೆಳೆದ ಉಮಾಶ್ರೀ ಅವರೇ 2008ರ ‘ಗುಲಾಬಿ ಟಾಕೀಸ್’ನಲ್ಲಿ ಗುಲಾಬಿಯಾಗಿದ್ದವರು. ವೈದೇಹಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಚಿತ್ರ. ಸಿನಿಮಾ ಹುಚ್ಚಿನ ಸೂಲಗಿತ್ತಿ. ಅವಳ ಗುಡಿಸಲಿಗೆ ಡಿಶ್ ಸಮೇತ ಟಿವಿ ಬರುತ್ತದೆ, ಊರಿನ ಹೆಂಗಸರು ನೋಡಲು ಬಂದು ಸೇರುತ್ತಾರೆ. ಆ ಗುಲಾಬಿ ನೋಡುತ್ತಿದ್ದದ್ದು ತನ್ನಂಥ ಸೂಲಗಿತ್ತಿಯರ ಕಥೆಯನ್ನಲ್ಲ. ತನಗಿಲ್ಲದ್ದನ್ನು.

ನಮ್ಮ ಭಾಗದವರೇ ಆದ ಕುಂ. ವೀರಭದ್ರಪ್ಪನವರ ಕಥೆಯಿಂದ ಬಂದ ‘ಕೂರ್ಮಾವತಾರ’ 2011ರದು. ನಿವೃತ್ತಿಯ ಅಂಚಿನಲ್ಲಿರುವ ಸರಕಾರಿ ನೌಕರನೊಬ್ಬನಿಗೆ ಗಾಂಧಿಯ ಹೋಲಿಕೆ ಇದೆ ಎಂದು ಟಿವಿ ಧಾರಾವಾಹಿಯಲ್ಲಿ ಪಾತ್ರ ಕೊಡುತ್ತಾರೆ. ಆಮೇಲೆ ಜನ ಅವನನ್ನು ನೋಡುವ ರೀತಿಯೇ ಬದಲಾಗುತ್ತದೆ. ನಾನೂ ನಿವೃತ್ತನಾದ ಹೊಸತರಲ್ಲಿ ಅದನ್ನು ನೋಡಿದವನಾದ್ದರಿಂದ ಸ್ವಲ್ಪ ಹೆಚ್ಚಾಗಿಯೇ ತಾಗಿತು.

ನನ್ನದೊಂದು ಹಳೆಯ ನೆನಪು. 1987, ಭಾನುವಾರ ಬೆಳಿಗ್ಗೆ, ‘ರಾಮಾಯಣ’. ಓಣಿಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮಾಳಿಗೆಯ ಮೇಲೆ ಆಂಟೆನಾ ತಿರುಗಿಸಲು ಒಬ್ಬ, ಕೆಳಗಿನಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗಲು ಇನ್ನೊಬ್ಬ. ಬಂದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಒಬ್ಬ ಅಜ್ಜಿ ಟಿವಿಗೆ ಕುಂಕುಮ ಹಚ್ಚಿ ಕಾಯಿ ಒಡೆಯಲು ಬಂದಾಗ ನನ್ನ ಹೆಂಡತಿ ಕಾಯನ್ನು ಹೊಸ್ತಿಲಿಗೆ ಒಡೆಸಿದಳು. ಭಾಷೆ ಹಿಂದಿ. ನಿಜಾಮರ ಕಾಲದ ಉರ್ದು ಬಲ್ಲ ಹಿರಿಯರು ಓಣಿಯಲ್ಲಿ ಬೇಕಾದಷ್ಟು ಜನರಿದ್ದರು, ಆದರೆ ಆ ಸಂಸ್ಕೃತ ಬೆರೆತ ಹಿಂದಿ ಅವರಿಗೂ ತೊಡಕೇ. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಎಷ್ಟೋ ಸಲ ರಾಮ ಹೇಳದೇ ಇದ್ದದ್ದನ್ನೂ ನಾನು ಹೇಳಿದ್ದುಂಟು.

ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ನಮ್ಮ ಚಿತ್ರರಂಗ ದಶಕಗಟ್ಟಲೆ ಹಟ ಹಿಡಿಯಿತು. 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೇ’ ತಮಿಳು, ತೆಲುಗಿನಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಬಂದಾಗ ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ತಾನೇ ಕೇಳಿಸಿಕೊಂಡಳು. ಮೂವತ್ಮೂರು ವರ್ಷದ ನನ್ನ ದುಭಾಷಿ ಕೆಲಸ ಅಂದು ಹೋಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಸಿಂಧನೂರು ಕ್ಯಾಂಪ್, ಸಿಂಧನೂರು

ಮಾಸ್ತರರೇ, ನಮಗೆ ದುಭಾಷಿ ಬೇಕಾಗಲೇ ಇಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ನಮ್ಮ ತಾತ ಆಂಧ್ರದ ಕರಾವಳಿಯಿಂದ ಬಂದು ಇಲ್ಲಿ ಭತ್ತ ಬೆಳೆದವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬಾಯಿಗೆ ಬಂದದ್ದು. ಸಂಕ್ರಾಂತಿಗೆ ತೆಲುಗು ಚಿತ್ರ ನೋಡದಿದ್ದರೆ ನಮ್ಮ ಕ್ಯಾಂಪಿನಲ್ಲಿ ಹಬ್ಬವಾದಂತೆ ಅಲ್ಲ. ಅದಕ್ಕೆ ಕೆಲವರು ನಮ್ಮನ್ನು ಕೆಕ್ಕರಿಸಿ ನೋಡುತ್ತಾರೆ.

ಬಳ್ಳಾರಿ ಬಿಸಿಲಿನ ತಮ್ಮನಿಗೆ ಒಂದು ಮಾತು. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಎಷ್ಟೋ ಮೊದಲು ಧರ್ಮಾವರಂ ರಾಮಕೃಷ್ಣಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ಪೈಪೋಟಿಗೆ ಬಿದ್ದವರಂತೆ ಅಲ್ಲಿ ಒಂದೊಂದು ನಾಟಕ ಸಭೆ ಕಟ್ಟಿ ತೆಲುಗು ನಾಟಕ ಆಡಿಸುತ್ತಿದ್ದರು. ನಿಮ್ಮ ರಾಘವ ಕಲಾಮಂದಿರಕ್ಕೆ ಹೆಸರು ಕೊಟ್ಟ ಬಳ್ಳಾರಿ ರಾಘವರು ಕನ್ನಡ, ತೆಲುಗು ಎರಡರಲ್ಲೂ ಬಣ್ಣ ಹಚ್ಚಿದವರು. ಹೀಗಿರುವಾಗ ಬಳ್ಳಾರಿ ಎಂದರೆ ಸುಮೋ ಗಾಡಿ ಮಾತ್ರ ಎಂದು ತಿಳಿದ ನಿರ್ದೇಶಕರದು ಅವರ ದಡ್ಡತನ.

2009ರಲ್ಲಿ ವಿಷ್ಣುವರ್ಧನ್ ಅವರ ‘ಬಳ್ಳಾರಿ ನಾಗ’ ಬಂದಾಗ ಹೆಸರು ನೋಡಿ ನಮ್ಮ ಟ್ರ್ಯಾಕ್ಟರ್ ತುಂಬಿತ್ತು. 2005ರ ಮಲಯಾಳಂ ಚಿತ್ರವೊಂದರ ರಿಮೇಕ್ ಎಂದು ತಿಳಿದದ್ದು ಆಮೇಲೆ. ನಮಗೇನೂ ಬೇಸರವಾಗಲಿಲ್ಲ. ಊರಿನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರು, ನೋಡಿಕೊಂಡು ಬಂದೆವು.

ನನ್ನ ತಕರಾರು ಇರುವುದು ಬೇರೆಯದರ ಮೇಲೆ. ಉತ್ತರ ಕರ್ನಾಟಕ ಎಂದರೆ ಸಿನಿಮಾದವರಿಗೆ ಒಂದೇ ಭಾಷೆ. ಧಾರವಾಡದ ಮಾತನ್ನು ನಾಲ್ಕು ದಿನ ಕಲಿತು ಬಂದ ನಟನನ್ನು ರಾಯಚೂರಿನವನು ಎನ್ನುತ್ತಾರೆ. ರಾಯಚೂರಿನ ಮುದುಕನ ಬಾಯಲ್ಲಿ ಆಸ್ಪತ್ರೆ ಇಂದಿಗೂ ದವಾಖಾನೆ. ಬಳ್ಳಾರಿಯವರ ಮಾತಿನಲ್ಲಿ ತೆಲುಗಿನ ಎಳೆತ. ಇದ್ಯಾವುದೂ ತೆರೆಯ ಮೇಲೆ ಕೇಳುವುದಿಲ್ಲ. ಹಾಗೆ ಮಾತಾಡುವವರು ಯಾವಾಗಲೂ ಒಬ್ಬ ಹಾಸ್ಯದವನು, ಇಲ್ಲವೇ ನಾಯಕಿಯ ಮನೆಯ ಆಳು. ಅದಕ್ಕೇ ಉತ್ಸವ್ ಗೋನವಾರ ಅವರ ‘ಫೋಟೋ’ ನೋಡಿ ನಾನು ಎದ್ದು ಕುಳಿತೆ.

ರಾತ್ರಿ ಎಂಟೂವರೆ, ರಾಯಚೂರು

‘ಫೋಟೋ’ ಹೆಸರು ತೆಗೆದಿರಾ, ಅದು ನನಗೆ ಇನ್ನೂ ಅರಗಿಲ್ಲ. 2024ರ ಮಾರ್ಚ್‌ನಲ್ಲಿ ಬಂದದ್ದು. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಆಸೆಪಟ್ಟು ನಮ್ಮ ಜಿಲ್ಲೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಬಳಿ ಹೋಗುತ್ತಾನೆ, ಅಷ್ಟರಲ್ಲಿ ಲಾಕ್‌ಡೌನ್. ನಡೆದುಕೊಂಡು ಬರುವುದು ಶುರು.

ನಮ್ಮ ದೊಡ್ಡಮ್ಮನ ಮಗನ ಸಂಸಾರ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತದೆ. ಆ ವರ್ಷ ಅವರು ಊರು ಮುಟ್ಟಿದಾಗ ಅತ್ತಿಗೆಯ ಕಾಲಿನಲ್ಲಿ ಗಂಡಸಿನ ಚಪ್ಪಲಿ ಇತ್ತು, ಎರಡೂ ಎಡಗಾಲಿನವು. ಎಲ್ಲಿ ಸಿಕ್ಕವು ಎಂದು ಕೇಳಿದರೆ ‘ದಾರಿಯಲ್ಲಿ’ ಎಂದಳು, ಮುಂದೆ ಹೇಳಲಿಲ್ಲ. ‘ಫೋಟೋ’ ಬಂದಾಗ ನಾನೇ ಟಿಕೆಟ್ ತೆಗೆಸುತ್ತೇನೆ ಬನ್ನಿ ಎಂದು ಕರೆದೆ. ಅಣ್ಣ ನಕ್ಕು, ‘ಒಂದು ಸಲ ನಡೆದದ್ದು ಸಾಕು’ ಎಂದ.

ಬಳ್ಳಾರಿ ಬಿಸಿಲು, ಬಳ್ಳಾರಿ

ನೋಡಿದಿರಾ? ಇದನ್ನೇ ನಾನು ಹೇಳಿದ್ದು. ಯಾರ ಕಥೆಯೋ ಅವರೇ ನೋಡುವುದಿಲ್ಲ. ಮತ್ತೆ ಯಾರಿಗಾಗಿ ತೆಗೆಯುತ್ತಾರೆ?

ಸಿಂಧನೂರು ಕ್ಯಾಂಪ್, ಸಿಂಧನೂರು

ನನಗಾಗಿ. ನಾನು ನಡೆದಿರಲಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಕುಳಿತು ಬಾಸುಮತಿ ಅನ್ನ ಉಣ್ಣುತ್ತಾ ದಿನಕ್ಕೆ ಎರಡು ಸಿನಿಮಾ ನೋಡುತ್ತಿದ್ದೆ.

ನಿರ್ವಾಹಕ

ಗಣಿ, ಪಕ್ಷ, ನಾಯಕರ ಹೆಸರಿದ್ದ ಮೂರು ಬರಹಗಳನ್ನು ತೆಗೆದಿದ್ದೇನೆ. ಚರ್ಚೆ ಚೆನ್ನಾಗಿ ಸಾಗಿದೆ, ಸಿನಿಮಾದ ಮಾತಿನಲ್ಲೇ ಇರಲಿ.

ಕೊನೆಯ ಸಾಲು, ಗಂಗಾವತಿ

ನನಗೆ ಸಿನಿಮಾದ ಬಗ್ಗೆ ಅಭಿಪ್ರಾಯ ಕಡಿಮೆ. ಮೂವತ್ತು ವರ್ಷ ನಾನು ಸಿನಿಮಾ ನೋಡಲಿಲ್ಲ, ತೋರಿಸಿದೆ. 1982ರಲ್ಲಿ ಸಹಾಯಕನಾಗಿ ಆಪರೇಟರ್ ಕೋಣೆಗೆ ಸೇರಿದವನು, ಡಿಜಿಟಲ್ ಬಂದು ಯಂತ್ರಗಳನ್ನು ಗುಜರಿಗೆ ಹಾಕಿದ ಮೇಲೆ 2012ರಲ್ಲಿ ಬಿಟ್ಟೆ.

ಈಗಿನವರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಆಗ ಕೋಣೆಯಲ್ಲಿ ಎರಡು ಯಂತ್ರ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ, ಎರಡೆರಡನ್ನು ಅಂಟಿಸಿ ಹಾಕುತ್ತಿದ್ದೆವು. ಒಳಗೆ ಉರಿಯುವುದು ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ನಡುವಿನ ಅಂತರವನ್ನು ಕೈಯಿಂದ ಸರಿಪಡಿಸುತ್ತಲೇ ಇರಬೇಕು, ಮರೆತರೆ ನಾಯಕಿಯ ಮುಖ ಅರಿಶಿನವಾಗುತ್ತದೆ, ಕೆಳಗಿನಿಂದ ಶಿಳ್ಳೆ ಬರುತ್ತದೆ. ರೀಲು ಮುಗಿಯುವಾಗ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ, ಆಗ ಎರಡನೆಯ ಯಂತ್ರದ ಮೋಟಾರು ಹಚ್ಚಬೇಕು. ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ, ಬದಲಾಯಿಸಬೇಕು. ಆ ಚುಕ್ಕೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ನನಗೆ ಮಾತ್ರ ಇಂದಿಗೂ ಟಿವಿಯ ಬಲ ಮೂಲೆಯತ್ತಲೇ ಕಣ್ಣು ಹೋಗುತ್ತದೆ.

ಕೋಣೆಗೆ ಒಂದು ಸಣ್ಣ ಕಿಟಕಿ. ಪರದೆ ನೋಡಿ ನೋಡಿ ಸಾಕಾಗಿ ನಾನು ಜನರನ್ನು ನೋಡುತ್ತಿದ್ದೆ. ಕತ್ತಲೆಯಲ್ಲಿ ಮುಖ ಕಾಣುವುದಿಲ್ಲ, ತಲೆಗಳು ಕಾಣುತ್ತವೆ. ಯಾವ ತಲೆ ಮುಂದಕ್ಕೆ ಬಾಗಿತು, ಯಾವುದು ಪಕ್ಕಕ್ಕೆ ತಿರುಗಿತು ಎನ್ನುವುದರಲ್ಲೇ ಚಿತ್ರ ಎಷ್ಟು ವಾರ ಓಡುತ್ತದೆ ಎಂದು ಹೇಳಬಲ್ಲವನಾಗಿದ್ದೆ.

1986ರ ಬೇಸಿಗೆ ಇರಬೇಕು. ಒಂದು ಚಿತ್ರ, ಹೆಸರು ಬೇಡ, ಅಂಥ ದೊಡ್ಡ ಚಿತ್ರವೇನೂ ಅಲ್ಲ. ಅದರಲ್ಲಿ ಸಾಲಕ್ಕೆ ಎತ್ತು ಹರಾಜಾಗುವ ದೃಶ್ಯ. ಪ್ರತಿ ಆಟದಲ್ಲೂ ಸರಿಯಾಗಿ ಆ ರೀಲಿಗೆ ಮುಂದಿನ ಸಾಲುಗಳಿಂದ ಹತ್ತು, ಹದಿನೈದು ಗಂಡಸರು ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಮ್ಯಾನೇಜರ್ ಇದನ್ನು ನೋಡಿ, ‘ಜನರಿಗೆ ಬೇಸರವಾಗುತ್ತಿದೆ, ಆ ತುಂಡು ಕತ್ತರಿಸು’ ಎಂದರು. ಹಳೆಯ ಪ್ರಿಂಟು, ಮೊದಲೇ ನೂರು ಕಡೆ ಅಂಟಿಸಿದ್ದು. ಕತ್ತರಿಸಿದೆ. ಮರುದಿನ ಸಂಜೆಯ ಆಟ ಬಿಟ್ಟ ಮೇಲೆ ಒಬ್ಬ ಮುದುಕ ನನ್ನ ಮೆಟ್ಟಿಲ ಕೆಳಗೆ ಬಂದು ನಿಂತ. ಮೂರು ದಿನದಿಂದ ಬರುತ್ತಿದ್ದವನು, ಎದ್ದುಹೋಗುತ್ತಿದ್ದವರಲ್ಲಿ ಒಬ್ಬ. ‘ಎತ್ತು ಎಲ್ಲಿ ಹೋಯಿತು?’ ಎಂದು ಕೇಳಿದ.

ಆ ತುಂಡನ್ನು ರಾತ್ರಿಯೇ ಮತ್ತೆ ಅಂಟಿಸಿದೆ. ಮರುದಿನದ ಆಟಕ್ಕೂ ಅವನು ಬಂದ. ಆ ರೀಲಿಗೆ ಮತ್ತೆ ಎದ್ದುಹೋದ.

ತಂಗೀ, ನಿನ್ನ ಅವ್ವ ಎದ್ದುಹೋದದ್ದು ಒಲೆ ಕಂಡಾಗಲೋ, ಆಮೇಲೋ?

ಮಾನ್ವಿ ಮಾಸ್ತರ್, ಮಾನ್ವಿ

ಆಪರೇಟರ್ ಅಣ್ಣಾ, ಇದನ್ನು ಎಲ್ಲಿಯಾದರೂ ಅಚ್ಚು ಹಾಕಿಸು. ‘ಎತ್ತು ಎಲ್ಲಿ ಹೋಯಿತು’ ಎಂಬುದನ್ನು ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬಂದೆ.

ಬಳ್ಳಾರಿ ಬಿಸಿಲು, ಬಳ್ಳಾರಿ

ಅಣ್ಣಾ, ಆಮೇಲೆ ಮ್ಯಾನೇಜರ್ ಏನೂ ಅನ್ನಲಿಲ್ಲವೇ?

ಕೊನೆಯ ಸಾಲು, ಗಂಗಾವತಿ

ಅವರಿಗೆ ಗಲ್ಲಾಪೆಟ್ಟಿಗೆ ಬಿಟ್ಟರೆ ಬೇರೆ ಕಡೆ ನೋಡಲು ಪುರುಸೊತ್ತು ಎಲ್ಲಿತ್ತು. ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪ ಇದೆ. ಪರದೆ ಇದ್ದ ಕಡೆ ವಧೂವರರ ಕುರ್ಚಿ.

ತುಂಗಭದ್ರೆ, ಕೊಪ್ಪಳ

ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಕೊನೆಯ ಸಾಲಿನ ಅಣ್ಣ ಕೇಳಿದ ಪ್ರಶ್ನೆಗೆ ಅಂದೇ ಉತ್ತರ ಗೊತ್ತಿತ್ತು, ಆದರೆ ಅದನ್ನು ನಂಬಲು ಒಂದು ದಿನ ಬೇಕಾಯಿತು. ಅವ್ವ ಒಲೆ ಕಂಡಾಗ ಎದ್ದಿರಲಿಲ್ಲ. ಮಾರುವ ಮಾಲು, ಕೆಳಗೆ ಸೇರಿಸಬೇಕಾದ ಜನ, ಆ ಮಾತು ಬಂದಾಗ ಎದ್ದಳು.

ಅಂದು ರಾತ್ರಿ ನೀರು ಕುಡಿಯಲು ಅಡುಗೆ ಮನೆಗೆ ಹೋದೆ. ನಮ್ಮ ಗೋಡೆಯ ಗೂಡಿನಲ್ಲಿ ಒಂದೇ ಅಳತೆಯ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳಿವೆ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸಿ ಹಿಂಡಿ, ಪುಟಾಣಿ. ನಾನು ಹತ್ತು, ಹನ್ನೆರಡು ವರ್ಷಗಳಿಂದ ಅವುಗಳಲ್ಲಿ ಕೈ ಹಾಕಿ ತಿಂದವಳು. ಬಿಳಿ ಡಬ್ಬಿ, ಹಸಿರು ಮುಚ್ಚಳ. ಚೀಟಿಯನ್ನು ತಿಕ್ಕಿ ತಿಕ್ಕಿ ತೆಗೆದಿದ್ದಾಳೆ, ಆದರೆ ಒಂದರ ಮೇಲೆ ಗಟ್ಟಿ ತೋಳಿನ ಒಬ್ಬ ಗಂಡಸಿನ ಅರ್ಧ ಭುಜ ಉಳಿದಿದೆ. ಅದನ್ನು ನಾನು ಎಂದೂ ನೋಡಿರಲಿಲ್ಲ. ನೋಡಿದ್ದೆ, ಏನೆಂದು ಕೇಳಿರಲಿಲ್ಲ.

ಬೆಳಿಗ್ಗೆ ಕೇಳಿದೆ. ಮೊದಲು ‘ಸಂತೆಯಲ್ಲಿ ತಂದದ್ದು’ ಎಂದಳು. ಆಮೇಲೆ ಅಕ್ಕಿ ಆರಿಸುತ್ತಾ, ಮುಖ ಎತ್ತದೆ ಹೇಳಿದಳು. ನಾನು ಗಂಗಾವತಿಯಲ್ಲಿ ಹಾಸ್ಟೆಲ್‌ನಲ್ಲಿದ್ದ ವರ್ಷ. ಯಾವ ಕಂಪನಿ ಎನ್ನುವುದು ಬೇಡ. ಒಂದು ಡಬ್ಬಿ ಹಾಲಿಗೆ ಹಾಕಿ ಕುಡಿದರೆ ಮೊಣಕಾಲು ನೋವು ಹೋಗುತ್ತದೆ, ನಿನ್ನ ಕೆಳಗೆ ಇಬ್ಬರನ್ನು ಸೇರಿಸಿದರೆ ತಿಂಗಳಿಗೆ ಇಷ್ಟು, ಅವರ ಕೆಳಗೆ ಇಬ್ಬಿಬ್ಬರು ಸೇರಿದರೆ ಇನ್ನಷ್ಟು. ಅವ್ವ ಸೇರಿಸಿದ್ದು ಜೊತೆಗೆ ಅಡುಗೆ ಮಾಡುವ ಸಹಾಯಕಿಯನ್ನು ಮತ್ತು ನಮ್ಮ ಸೋದರಮಾವನ ಹೆಂಡತಿಯನ್ನು. ಡಬ್ಬಿ ಕೊಟ್ಟವರು ಫೋನ್ ಎತ್ತುವುದನ್ನು ಬಿಟ್ಟ ಮೇಲೆ ಅವರಿಬ್ಬರ ದುಡ್ಡನ್ನೂ ಅವ್ವನೇ ಕೊಟ್ಟಳು. ಬೆಂಡೋಲೆ ಮಾರಿ. ನಾನು ದಸರೆಗೆ ಊರಿಗೆ ಬಂದಾಗ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು, ‘ಹುಣ್ಣಾಗಿದೆ’ ಎಂದಿದ್ದಳು. ನಂಬಿದ್ದೆ.

ಅತ್ತೆ ಆ ವರ್ಷದಿಂದ ನಮ್ಮ ಮನೆಯ ಹಬ್ಬಕ್ಕೆ ಬಂದಿಲ್ಲ. ಯಾಕೆ ಎಂದು ನಾನು ಅಪ್ಪನನ್ನು ಬೈದದ್ದುಂಟು.

ಸಿಂಧನೂರು ಕ್ಯಾಂಪ್, ಸಿಂಧನೂರು

ಅಕ್ಕಾ, ನಮ್ಮ ಕ್ಯಾಂಪಿಗೂ ಟೈ ಕಟ್ಟಿಕೊಂಡವನೊಬ್ಬ ಬಂದಿದ್ದ. ಗೊಬ್ಬರದ ಅಂಗಡಿಯ ಗುಮಾಸ್ತ ಅಲ್ಲೇ ಹಾಳೆಯ ಹಿಂದೆ ಲೆಕ್ಕ ಹಾಕಿ ತೋರಿಸಿದ. ಒಬ್ಬರ ಕೆಳಗೆ ಇಬ್ಬರು ಎಂದು ಹೋದರೆ ಹತ್ತನೆಯ ಮೆಟ್ಟಿಲಿಗೇ 1,024 ಜನ ಬೇಕು. ನಮ್ಮ ಕ್ಯಾಂಪಿನಲ್ಲಿ ಎಮ್ಮೆ, ನಾಯಿ ಸೇರಿಸಿದರೂ ಅಷ್ಟಾಗುವುದಿಲ್ಲ ಎಂದ. ಎಲ್ಲರೂ ನಕ್ಕರು. ಆದರೂ ಏಳು ಜನ ಸೇರಿದರು, ನಕ್ಕವರಲ್ಲೇ.

ಬಳ್ಳಾರಿ ಬಿಸಿಲು, ಬಳ್ಳಾರಿ

ಇಂಥ ಹಣ ಸರಪಳಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಲ್ಲೇ ಬಂದಿದೆ. ಪೊಲೀಸರಿಗೆ ದೂರು ಕೊಡಬಹುದಿತ್ತು.

ಅಕ್ಕಾ, ಮೊದಲ ದಿನ ನಾನು ‘ಅವ್ವ ಹೇಳಿದ್ದೇ ಸರಿ’ ಎಂದು ಬರೆದದ್ದು ಇದನ್ನು ತಿಳಿದಲ್ಲ. ನಿನ್ನೆ ರಾತ್ರಿ ಶಿವಮ್ಮನನ್ನು ನೋಡಿದೆ. ನಿದ್ದೆ ಬರಲಿಲ್ಲ. ಆದರೂ ಹಿನ್ನೆಲೆ ಸಂಗೀತ ಸ್ವಲ್ಪ ಇದ್ದಿದ್ದರೆ ಏನು ಹೋಗುತ್ತಿತ್ತು ಎಂದೇ ಅನ್ನಿಸಿತು.

ಮಾನ್ವಿ ಮಾಸ್ತರ್, ಮಾನ್ವಿ

ತಂಗೀ, ದೂರು ಕೊಡಲು ಠಾಣೆಗೆ ಹೋಗಬೇಕಾದರೆ ಊರಿನ ಮುಂದೆಯೇ ನಡೆದು ಹೋಗಬೇಕಲ್ಲ. ಆ ತಾಯಿ ಬೆಂಡೋಲೆಯ ದಾರಿ ಹಿಡಿದದ್ದು ಅದಕ್ಕೇ ಇರಬೇಕು. ಚಿತ್ರವನ್ನು ಮತ್ತೆ ತೋರಿಸಲು ಹೋಗಬೇಡ.

ತುಂಗಭದ್ರೆ, ಕೊಪ್ಪಳ

ನಾನು ತೋರಿಸಲಿಲ್ಲ ಮಾಸ್ತರರೇ. ನಿನ್ನೆ ಸಂಜೆ ಅವ್ವನೇ ತಮ್ಮನನ್ನು ಕರೆದು, ‘ಅವತ್ತಿನದನ್ನು ಹಚ್ಚು’ ಎಂದಳಂತೆ. ನಾನು ಕಚೇರಿಯಿಂದ ಬಂದಾಗ ಮುಗಿಯುತ್ತಾ ಬಂದಿತ್ತು. ಕುಳಿತಿರಲಿಲ್ಲ, ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ಸಾರಿನ ಸೌಟು. ನಾನು ಚಪ್ಪಲಿ ಬಿಚ್ಚದೆ ಹೊರಗೇ ನಿಂತೆ. ಮುಗಿದ ಮೇಲೆ ತಮ್ಮನನ್ನು ಕೇಳಿದಳು: ‘ಮಾರಾಟವಾಗದೆ ಉಳಿದ ಮಾಲನ್ನು ಅವಳು ಏನು ಮಾಡಿದಳು?’

ತಮ್ಮ ನನ್ನ ಮುಖ ನೋಡಿದ. ನಾನು ಗೂಡಿನ ಕಡೆ ನೋಡಿದೆ. ಅವ್ವ ಅದನ್ನು ನೋಡಿ ನಕ್ಕಳು, ಆಮೇಲೆ ಪುಟ್ಟಕ್ಕನನ್ನು ಹಚ್ಚು ಎಂದಳು.

ರಾತ್ರಿ ಎಂಟೂವರೆ, ರಾಯಚೂರು

ಬಿಳಿ ಡಬ್ಬಿ, ಹಸಿರು ಮುಚ್ಚಳ ಎಂದಿರಲ್ಲ ಅಕ್ಕಾವ್ರೇ. ನಮ್ಮಲ್ಲಿ ಮೂರಿವೆ. ಒಂದರಲ್ಲಿ ಹುಣಸೆಹಣ್ಣು ತುಂಬಿದ್ದೇನೆ, ಎರಡು ಇನ್ನೂ ಒಡೆದಿಲ್ಲ. ಮನೆಯವರಿಗೆ ಗೊತ್ತಿಲ್ಲ.